ತಿಳಿಗುಲಾಬಿ ಸಂಜೆಮಲ್ಲಿಗೆ ಬೀಜ: ಮೊಳಕೆಗೆ ಅಂಕವಿದೆ, ಚೀಟಿಗಿಲ್ಲ

ಶಿವಮೊಗ್ಗದ ಹೊರವಲಯದ ನರ್ಸರಿಯೊಂದರಿಂದ ಕಳೆದ ಮೇ ತಿಂಗಳಲ್ಲಿ ತಂದ ಸಂಜೆಮಲ್ಲಿಗೆ ಬೀಜದ ಕುರಿತು ಈ ಅಭಿಪ್ರಾಯ. ಮೂವತ್ತು ಬೀಜಗಳ ಪೊಟ್ಟಣಕ್ಕೆ 60 ರೂಪಾಯಿ ಕೊಟ್ಟೆ. ಮೇಲಿನ ಚೀಟಿಯಲ್ಲಿ ‘ಶುದ್ಧ ತಿಳಿಗುಲಾಬಿ ತಳಿ’ ಎಂದು ಅಚ್ಚಾಗಿತ್ತು.

ಬೀಜದ ಗುಣಮಟ್ಟದಲ್ಲಿ ದೂರುವಂಥದ್ದೇನೂ ಇರಲಿಲ್ಲ. ಕಪ್ಪಗೆ, ಸುಕ್ಕುಗಟ್ಟಿ, ಗಟ್ಟಿಯಾಗಿದ್ದ ಅವನ್ನು ನಮ್ಮ ಮನೆಯಲ್ಲಿ ಕಾಳುಮೆಣಸೆಂದೇ ತಿಳಿದು ಡಬ್ಬಿಗೆ ಸುರಿಯುವುದರಲ್ಲಿದ್ದರು. ಈ ಬೀಜ ವಿಷಕಾರಿ. ಮಲೆನಾಡಿನಲ್ಲಿ ಮಾರುವ ಪೊಟ್ಟಣದ ಮೇಲಾದರೂ ಆ ಎಚ್ಚರಿಕೆ ಇರಬೇಕಿತ್ತು. ರಾತ್ರಿಯಿಡೀ ನೆನೆಸಿ, ತೀರ್ಥಹಳ್ಳಿ ಬಳಿಯ ನಮ್ಮ ಅಂಗಳದಂಚಿನಲ್ಲಿ ಊರಿದಾಗ 26 ಮೊಳೆತವು. ಜೂನ್ ಮಳೆಗೆ ಬುಡದಲ್ಲಿ ನೀರು ನಿಂತು ಮೂರು ಕೊಳೆತದ್ದು ನನ್ನ ತಪ್ಪು, ನರ್ಸರಿಯದಲ್ಲ.

ಆಗಸ್ಟ್‌ನಲ್ಲಿ, ಸಂಜೆ ಕಾಫಿಯ ಹೊತ್ತಿಗೆ ಹೂ ಬಿರಿಯತೊಡಗಿದ ಮೇಲೆ ಎಣಿಸಿದೆ: ಉಳಿದ 23 ಗಿಡಗಳಲ್ಲಿ 12 ತಿಳಿಗುಲಾಬಿ, 6 ಕಡುಗೆಂಪು, 5 ಅಚ್ಚ ಬಿಳಿ. ಫೋನು ಮಾಡಿ ಕೇಳಿದಾಗ ನರ್ಸರಿಯವರು, ‘ತಿಳಿಗುಲಾಬಿ ಗಿಡದ್ದೇ ಬೀಜ ಮಾರಾಯ್ರೆ, ಬೆರಕೆ ಮಾಡಿಲ್ಲ’ ಎಂದರು. ಅವರು ಹೇಳಿದ್ದು ನಿಜವೇ ಇರಬೇಕು. ತಿಳಿಗುಲಾಬಿ ಗಿಡದ ಬೀಜವಾದದ್ದರಿಂದಲೇ ಮೂರು ಬಣ್ಣ ಬಂದದ್ದು.

ಪ್ರತಿ ಗಿಡಕ್ಕೂ ಹೂವಿನ ಬಣ್ಣದ ವಂಶವಾಹಿಯ ಎರಡು ಪ್ರತಿಗಳು, ತಂದೆ ತಾಯಿಯರಿಂದ ಒಂದೊಂದರಂತೆ, ಬರುತ್ತವೆ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗಗಳಲ್ಲಿ ನೇರಳೆ ಹೂವಿನ ಒಂದು ಪ್ರತಿಯಿದ್ದರೂ ಸಾಕಿತ್ತು, ಹೂವು ಪೂರ್ಣ ನೇರಳೆಯಾಗುತ್ತಿತ್ತು. ಸಂಜೆಮಲ್ಲಿಗೆಯಲ್ಲಿ ಹಾಗಲ್ಲ. ಕೆಂಪಿನ ಪ್ರತಿ ಎರಡಿದ್ದರೆ ವರ್ಣದ್ರವ್ಯ ಧಾರಾಳವಾಗಿ ತಯಾರಾಗಿ ಹೂವು ಕೆಂಪಾಗುತ್ತದೆ. ಒಂದೇ ಇದ್ದರೆ ಅದು ಪೂರ್ತಿ ಕೆಂಪಿಗೆ ಸಾಲದೆ ತಿಳಿಗುಲಾಬಿಗೆ ನಿಲ್ಲುತ್ತದೆ. ಒಂದೂ ಇಲ್ಲದಿದ್ದರೆ ಬಿಳಿ. ಇದಕ್ಕೆ ಅಪೂರ್ಣ ಪ್ರಾಬಲ್ಯ ಎಂದು ಹೆಸರು. 1900ರಲ್ಲಿ ಮೆಂಡೆಲನ ನಿಯಮಗಳನ್ನು ಮತ್ತೆ ಬೆಳಕಿಗೆ ತಂದವರಲ್ಲೊಬ್ಬನಾದ ಜರ್ಮನಿಯ ಕಾರ್ಲ್ ಕೊರೆನ್ಸ್ ಇದನ್ನು ವಿವರಿಸಿದ್ದು ಇದೇ ಸಂಜೆಮಲ್ಲಿಗೆಯಿಂದ.

ಹಾಗಾಗಿ ತಿಳಿಗುಲಾಬಿ ಗಿಡವೆಂದರೆ ಕೆಂಪಿನದೊಂದು, ಬಿಳಿಯದೊಂದು ಪ್ರತಿ ಹೊತ್ತ ಗಿಡ. ಅದರ ಹೂವು ಬಾಡುವಾಗ ಪರಾಗ ಹೊತ್ತ ಕೇಸರಗಳೂ ಹೂವಿನ ಹೆಣ್ಣು ಭಾಗವಾದ ಶಲಾಕೆಯೂ ಒಂದಕ್ಕೊಂದು ಸುರುಳಿ ಸುತ್ತಿಕೊಳ್ಳುವುದರಿಂದ ತನ್ನದೇ ಪರಾಗದಿಂದ ಬೀಜ ಕಟ್ಟುವುದು ಸಾಮಾನ್ಯ. ಆ ಬೀಜಗಳಲ್ಲಿ ಸರಾಸರಿ ನಾಲ್ಕಕ್ಕೆ ಒಂದು ಕೆಂಪು, ಎರಡು ತಿಳಿಗುಲಾಬಿ, ಒಂದು ಬಿಳಿ; ನನ್ನ ಅಂಗಳದ 6, 12, 5 ಅದಕ್ಕೆ ಎಷ್ಟು ಹತ್ತಿರ ಬಂದಿತೆಂದರೆ, ಪಿಯುಸಿ ಓದುವ ಮಗಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. ಇದು ಬಣ್ಣಗಳ ಕಲಸುವಿಕೆಯೂ ಅಲ್ಲ. ಡಿಕಾಕ್ಷನ್‌ಗೆ ಬೆರೆಸಿದ ಹಾಲನ್ನು ಮರಳಿ ಪಡೆಯಲಾಗದು. ಇಲ್ಲಿ ಮಾತ್ರ ಅಚ್ಚ ಕೆಂಪೂ ಅಚ್ಚ ಬಿಳಿಯೂ ಮುಂದಿನ ತಲೆಮಾರಿನಲ್ಲಿ ಕಲೆಯಿಲ್ಲದೆ ಹೊರಬಂದವು.

ಹೀಗಿರುವಾಗ ಈ ತಿಳಿಗುಲಾಬಿಗೆ ‘ಶುದ್ಧ ತಳಿ’ ಎಂಬ ಮಾತೇ ಹೊಂದುವುದಿಲ್ಲ. ಇಡೀ ಪೊಟ್ಟಣ ಒಂದೇ ಬಣ್ಣ ಕೊಡಬೇಕೆಂದರೆ ನರ್ಸರಿಯವರು ಪ್ರತಿ ವರ್ಷ ಶುದ್ಧ ಕೆಂಪು ಗಿಡಕ್ಕೆ ಶುದ್ಧ ಬಿಳಿ ಗಿಡದ ಪರಾಗ ಮುಟ್ಟಿಸಿ ಬೀಜ ಮಾಡಬೇಕು. ಹೂವೊಂದಕ್ಕೆ ಒಂದೇ ಬೀಜ ಕಟ್ಟುವ ಗಿಡದಲ್ಲಿ ಅದು ಬೇಸರದ ಕೆಲಸ, 60 ರೂಪಾಯಿಗೆ ಗಿಟ್ಟಲಿಕ್ಕಿಲ್ಲ. ಅದರ ಬದಲು ‘ಮೂರು ಬಣ್ಣದ ಮಿಶ್ರಣ’ ಎಂದು ಅಚ್ಚು ಹಾಕಿದ್ದರೆ ನಾನು ಇದೇ ಬೆಲೆಗೆ ಸಂತೋಷದಿಂದ ಕೊಳ್ಳುತ್ತಿದ್ದೆ.

ಮೊಳಕೆಗೆ ಐದರಲ್ಲಿ ನಾಲ್ಕೂವರೆ, ಚೀಟಿಗೆ ಒಂದು. ತಿಳಿಗುಲಾಬಿಯೇ ಬೇಕೆನ್ನುವವರು ಬೀಜ ಬಿಟ್ಟು ಗೆಡ್ಡೆ ಕೇಳಿ. ಗೆಡ್ಡೆಯಿಂದ ಚಿಗುರುವುದು ಅದೇ ಗಿಡವಾದ್ದರಿಂದ ಬಣ್ಣ ಬದಲಾಗದು. ಈ ನರ್ಸರಿಯಲ್ಲಿ ಗೆಡ್ಡೆ ಮಾರುವುದಿಲ್ಲ. ನನ್ನ ಹನ್ನೆರಡು ಗಿಡಗಳ ಬುಡಕ್ಕೆ ದಾರ ಕಟ್ಟಿ ಗುರುತು ಮಾಡಿಟ್ಟಿದ್ದೇನೆ.