ತೋಟದ ಮದ್ದನ್ನು ಮನೆಯೊಳಗೆ ತರಬೇಡಿ

ನಮ್ಮದು ಮೂಡಿಗೆರೆ ಕಡೆ ಹಳೇ ಹೆಂಚಿನ ಮನೆ, ಅಜ್ಜ ಕಟ್ಟಿಸಿದ್ದು. ಈ ಮಳೆಗಾಲದ ಶುರುವಿನಲ್ಲಿ ಈ ಮನೆಯೊಳಗೇ ಅಮ್ಮನಿಗೆ ವಿಷವೇರಿತು, ಗೆದ್ದಲಿಗೆ ಅಂತ ನಾನೇ ಕೈಯಾರೆ ಹಚ್ಚಿದ ಮದ್ದಿನಿಂದ. ಅಂಥದೇ ಕ್ಯಾನು ನಮ್ಮ ಸುತ್ತಮುತ್ತ ಎಷ್ಟೋ ತೋಟದ ಮನೆಗಳ ಸ್ಟೋರಿನಲ್ಲಿ ಇವತ್ತೂ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮಳೆಹುಳ, ಅಂದರೆ ರೆಕ್ಕೆ ಬಂದ ಗೆದ್ದಲು, ಮುತ್ತುವುದು ನಮಗೆ ಹೊಸದಲ್ಲ. ಕಿಟಕಿ ಹಾಕಿ, ದೀಪ ಆರಿಸಿ ಕೂರುತ್ತೇವೆ. ಈ ಸಲ ಮಾತ್ರ ಅವು ಹೊರಗಿನಿಂದ ಬರುತ್ತಿರಲಿಲ್ಲ. ಅಮ್ಮನ ಕೋಣೆಯ ಬಾಗಿಲ ಚೌಕಟ್ಟಿನ ಬುಡದಿಂದ ಒಂದರ ಹಿಂದೊಂದು ಹೊರಟು ರೆಕ್ಕೆ ಬಿಚ್ಚುತ್ತಿದ್ದವು. ಬೆಳಿಗ್ಗೆ ಗೋಡೆಗೆ ತಾಗಿದ್ದ ಮರದ ಬೀರು ಎಳೆದು ನೋಡಿದರೆ, ಹಿಂದೆ ಪೆನ್ಸಿಲ್ ದಪ್ಪದ ಮಣ್ಣಿನ ಸುರಂಗ ನೆಲದಿಂದ ಜಂತೆಯವರೆಗೆ ಏರಿತ್ತು. ಏಣಿ ಹತ್ತಿ ಜಂತೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಮೇಲಿನ ಬಣ್ಣ ಹೊಸದರಂತೆಯೇ ಇತ್ತು, ಬೆರಳು ಒಳಗೆ ಹೋಯಿತು. ಬೀರುವಿನ ಕೆಳಖಾನೆಯಲ್ಲಿ ಅಪ್ಪ ಕಟ್ಟಿಟ್ಟಿದ್ದ ಕಂದಾಯದ ರಶೀದಿಗಳನ್ನು ಎತ್ತಿದರೆ ಕೈಗೆ ಬಂದದ್ದು ಅಂಚು ಮಾತ್ರ, ನಡುವೆಲ್ಲ ಮಣ್ಣು.

ಪೆಸ್ಟ್ ಕಂಟ್ರೋಲ್‌ನವರನ್ನು ಫೋನಿನಲ್ಲಿ ವಿಚಾರಿಸಿದಾಗ ಇಪ್ಪತ್ತು ಸಾವಿರದ ಹತ್ತಿರ ಆಗುತ್ತದೆ ಅಂದರು. ಗೊಬ್ಬರಕ್ಕೆ, ಕಳೆಗೆ ದುಡ್ಡು ಸುರಿಯುವ ಹೊತ್ತು ಅದು. ಸ್ಟೋರಿನಲ್ಲಿ ಅರೇಬಿಕಾ ಕಾಫಿಯ ಬಿಳಿ ಕಾಂಡಕೊರಕಕ್ಕೆ ಅಂತ ತಂದು ಉಳಿದಿದ್ದ ಕ್ಲೋರ್‌ಪೈರಿಫಾಸ್ ಇತ್ತು. ಕಾಂಡ ಕೊರೆಯುವ ಹುಳವನ್ನು ಕೊಲ್ಲುವ ಮದ್ದು ಜಂತೆಯ ಗೆದ್ದಲನ್ನು ಬಿಡುತ್ತದೆಯೇ ಅನ್ನಿಸಿತು. ಸೀಮೆಎಣ್ಣೆಗೆ ಬೆರೆಸಿದರೆ ಮರ ಚೆನ್ನಾಗಿ ಕುಡಿಯುತ್ತದೆ ಅಂತ ಪಕ್ಕದ ತೋಟದವರು ಹೇಳಿದರು. ಅಳತೆ ಎಲ್ಲ ಕಣ್ಣಂದಾಜು.

ಆ ಕ್ಯಾನಿನ ಮೇಲೆ ಹಳದಿ ತ್ರಿಕೋನ ಇತ್ತು. ಇಷ್ಟು ವರ್ಷ ನೋಡುತ್ತಲೇ ಬಂದಿದ್ದೆ, ಅರ್ಥ ಕೇಳಿರಲಿಲ್ಲ. ನಮ್ಮ ದೇಶದ ಕೀಟನಾಶಕಗಳ ಮೇಲೆ ನಾಲ್ಕು ಬಣ್ಣದ ಗುರುತುಗಳಿವೆ. ಕೆಂಪು ಎಲ್ಲಕ್ಕಿಂತ ವಿಷ, ಅದರ ನಂತರದ್ದೇ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಕಟ್ಟಡದ ಗೆದ್ದಲಿಗೂ ಕ್ಲೋರ್‌ಪೈರಿಫಾಸ್ ಬಳಸುವುದುಂಟು, ಆದರೆ ಅದು ಅಡಿಪಾಯದ ಮಣ್ಣಿಗೆ. ಮಲಗುವ ಕೋಣೆಯ ಸೂರಿಗೆ ಸೀಮೆಎಣ್ಣೆಯಲ್ಲಿ ಕಲಸಿ ಬಳಿಯುವುದಕ್ಕಲ್ಲ. ಅಮೆರಿಕದಲ್ಲಿ ಮನೆಗಳಲ್ಲಿ ಇದರ ಬಳಕೆಯನ್ನು 2000ದಲ್ಲೇ ಬಹುಮಟ್ಟಿಗೆ ನಿಲ್ಲಿಸುವ ತೀರ್ಮಾನವಾಗಿತ್ತು, ಮಕ್ಕಳಿಗೆ ಅಪಾಯ ಅಂತ.

ಹಚ್ಚುವ ದಿನ ಹೊರಗೆ ಜಡಿಮಳೆ. ಎರಚಲು ಒಳಗೆ ಬರುತ್ತದೆ ಅಂತ ಕಿಟಕಿಗಳನ್ನೆಲ್ಲ ಮುಚ್ಚಿದ್ದೆ. ತಲೆಯ ಮೇಲಿನ ಜಂತೆಗೆ ಬ್ರಷ್ ಆಡಿಸುವಾಗ ಮದ್ದು ಮೊಣಕೈವರೆಗೆ ಇಳಿಯಿತು, ನೆಲಕ್ಕೂ ತೊಟ್ಟಿಕ್ಕಿತು. ನಾನು ಸೋಪು ಹಾಕಿ ಕೈ ತೊಳೆದುಕೊಂಡೆ, ನೆಲವನ್ನು ಹಾಗೇ ಬಿಟ್ಟು ತೋಟಕ್ಕೆ ಹೋದೆ. ಅಮ್ಮ ಹಳೇ ಪಂಚೆಯ ತುಂಡು ತೆಗೆದುಕೊಂಡು, ಬರಿಗೈಯಲ್ಲಿ, ಮಂಡಿಯೂರಿ ಇಡೀ ಕೋಣೆ ಒರೆಸಿದ್ದಾರೆ. ರಾತ್ರಿ ಅದೇ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿದ್ದಾರೆ.

ಬೆಳಗಿನ ಜಾವ ತಲೆಸುತ್ತು, ವಾಂತಿ. ಪಿತ್ತ ಅಂದುಕೊಂಡು ಜೀರಿಗೆ ಕಷಾಯ ಮಾಡಿಕೊಟ್ಟೆವು. ಹಾಗೆ ಕಳೆದ ಎರಡು ಗಂಟೆ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಮೇಲೆ ಆ ಚಳಿಯಲ್ಲೂ ಮೈಯೆಲ್ಲ ಬೆವರು, ಬಾಯಲ್ಲಿ ನಿಲ್ಲದ ಜೊಲ್ಲು, ಕಣ್ಣು ಮಂಜು. ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ವೈದ್ಯರು ಟಾರ್ಚ್ ಬಿಟ್ಟು ಕಣ್ಣು ನೋಡಿದರು. ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. "ಮನೇಲಿ ಏನಾದ್ರೂ ಮದ್ದು ಹೊಡೆದಿದ್ರಾ?" ಅನ್ನುವುದೇ ಅವರ ಮೊದಲ ಪ್ರಶ್ನೆ. ಉಟ್ಟ ಸೀರೆ ಬದಲಾಯಿಸಿ, ಮೈ, ಕೂದಲು ಎಲ್ಲ ಸೋಪುನೀರಲ್ಲಿ ತೊಳೆಸಿ, ಈ ವಿಷಕ್ಕೆ ಕೊಡುವ ಅಟ್ರೋಪಿನ್ ಔಷಧಿ ಶುರು ಮಾಡಿದರು. ನಾಲ್ಕು ದಿನ ಇದ್ದು ಬಂದೆವು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ನರ ಒಂದು ಆಜ್ಞೆ ಕೊಟ್ಟ ಮೇಲೆ ಅದನ್ನು ಅಳಿಸುವ ಕಿಣ್ವವೊಂದು ನಮ್ಮ ಮೈಯಲ್ಲಿದೆ. ಈ ಜಾತಿಯ ಮದ್ದು ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಜ್ಞೆ ನಿಲ್ಲುವುದೇ ಇಲ್ಲ. ಬೆವರು, ಜೊಲ್ಲು, ಕಣ್ಣೀರು ಹರಿಯುತ್ತಲೇ ಇರುತ್ತವೆ, ಉಸಿರಾಟದ ಸ್ನಾಯುಗಳು ಸೋತರೆ ಜೀವವೇ ಹೋಗುತ್ತದೆ. ಕುಡಿಯಲೇಬೇಕು ಅಂತಿಲ್ಲ, ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ, ಲಕ್ಷಣ ಗಂಟೆಗಟ್ಟಲೆ ತಡವಾಗಿ ಕಾಣಿಸಿಕೊಳ್ಳಬಹುದು. ಯಾರ ಮನೆಯಲ್ಲಾದರೂ ಹೀಗಾದರೆ ಕಷಾಯ ಕಾಯಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಮದ್ದಿನ ಲೇಬಲ್ಲನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ನಂಬರ್ 1800 116 117, ಫೋನಿನಲ್ಲಿ ಈಗಲೇ ಸೇವ್ ಮಾಡಿಟ್ಟುಕೊಳ್ಳಿ.

ಇಷ್ಟಾದರೂ ಗೆದ್ದಲು ಹೋಗಲಿಲ್ಲ. ಹದಿನೈದು ದಿನದಲ್ಲಿ ಪಕ್ಕದ ಗೋಡೆಯಲ್ಲಿ ಹೊಸ ಸುರಂಗ. ಗಾಬರಿಯಲ್ಲಿ ಕಡಿಮೆ ರೇಟಿನವನೊಬ್ಬನನ್ನು ಕರೆಸಿದೆ. ಅದು ಎರಡನೇ ತಪ್ಪು. ನೀರಿನ ಬಾಟಲಿಯಲ್ಲಿ ಹೆಸರಿಲ್ಲದ ಮದ್ದು ತಂದ, ಗೋಡೆಯಂಚಿಗೆ ಅರ್ಧ ಗಂಟೆ ಹೊಡೆದ, ಬಿಳಿ ಹಾಳೆಯಲ್ಲಿ ಐದು ವರ್ಷದ ಗ್ಯಾರಂಟಿ ಬರೆದುಕೊಟ್ಟು 6,500 ರೂಪಾಯಿ ಇಸ್ಕೊಂಡು ಹೋದ. ಆ ಫೋನ್ ಈಗ ಸ್ವಿಚ್ ಆಫ್.

ಮೂರನೆಯವರು ಹಾಸನದಿಂದ ಬಂದರು. ಸ್ಪ್ರೇ ಯಂತ್ರ ಇಳಿಸುವ ಮೊದಲು ಒಂದು ಗಂಟೆ ಬರೀ ಸುತ್ತಾಡಿದರು. ಸ್ಕ್ರೂಡ್ರೈವರ್ ಹಿಡಿಯಿಂದ ಪ್ರತಿ ಚೌಕಟ್ಟು ತಟ್ಟಿ ಕಿವಿಗೊಟ್ಟರು. ಹಿತ್ತಲ ಗೋಡೆಗೆ ಒರಗಿಸಿದ್ದ ಸೌದೆ ರಾಶಿ ಸರಿಸಿ ತೋರಿಸಿದರು. ದಾರಿ ಅಲ್ಲಿಂದ ಶುರುವಾಗಿತ್ತು. ಬಾವಿ ಎಷ್ಟು ದೂರ, ಜೇನುಪೆಟ್ಟಿಗೆ ಇದೆಯಾ ಅಂತ ಕೇಳಿದರು. ಆ ಎರಡು ಪ್ರಶ್ನೆ ಕೇಳಿದ ಮೇಲೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು. ಹಿತ್ತಲಲ್ಲಿ ನಾಗರಪಂಚಮಿಗೆ ಅಮ್ಮ ಹಾಲೆರೆಯುವ ಹುತ್ತವಿದೆ, ಅದನ್ನು ಒಡೆಸುತ್ತಾರೇನೋ ಅಂತ ಅಮ್ಮನಿಗೆ ಅಳುಕು. ಒಡೆಯುವುದೇನೂ ಬೇಡ, ಮನೆ ಸುತ್ತಲಿನ ಮಣ್ಣಿಗೆ ಮದ್ದಿನ ಬೇಲಿ ಹಾಕಿದರೆ ಸಾಕು ಅಂದರು.

ಗೋಡೆ ಮತ್ತು ನೆಲ ಸೇರುವಲ್ಲಿ ಅಡಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು, ಸೀಲ್ ಒಡೆಯದ ಇಮಿಡಾಕ್ಲೋಪ್ರಿಡ್ ಅನ್ನುವ ಗೆದ್ದಲು ಮದ್ದಿನ ಬಾಟಲಿಯನ್ನು ನನ್ನ ಮುಂದೆಯೇ ತೆರೆದು, ಅಳೆದು ಬೆರೆಸಿ ಮಣ್ಣಿಗೆ ಇಳಿಸಿ ಸಿಮೆಂಟಿನಿಂದ ಮುಚ್ಚಿದರು. ನಾನು ಹಚ್ಚಿದ್ದು ಕೂಡಲೇ ಕೊಲ್ಲುವ ಮದ್ದು, ಎದುರಿಗೆ ಸಿಕ್ಕ ಹುಳ ಸಾಯುತ್ತದೆ ಅಷ್ಟೆ. ಇದರ ಇರವು ಗೆದ್ದಲಿಗೆ ತಿಳಿಯುವುದಿಲ್ಲ, ನಿಧಾನಕ್ಕೆ ಕೊಲ್ಲುತ್ತದೆ, ಅಷ್ಟರಲ್ಲಿ ಒಂದರಿಂದ ಒಂದಕ್ಕೆ ದಾಟಿರುತ್ತದೆ. ರಾಣಿ ಇರುವುದು ಮಣ್ಣೊಳಗೆ. ಜಂತೆಗೆ ಎಷ್ಟು ಬಳಿದರೂ ಅದಕ್ಕೆ ತಾಗುವುದೇ ಇಲ್ಲ ಅನ್ನುವುದು ನನಗೆ ಅರ್ಥವಾದದ್ದು ಆಗ. ಆದದ್ದು 18,000 ರೂಪಾಯಿ. ಆಸ್ಪತ್ರೆಗೆ ಅದಕ್ಕಿಂತ ಜಾಸ್ತಿ ಕಟ್ಟಿದ್ದೆ.

ಕರೆಸುವುದಾದರೆ ಲೈಸೆನ್ಸ್ ಕೇಳಿ, ಸಂಕೋಚ ಬೇಡ. ಮನೆಗಳಿಗೆ ಮದ್ದು ಹೊಡೆಯುವ ಕಸುಬಿಗೆ ಕೀಟನಾಶಕ ನಿಯಮಗಳ ಪ್ರಕಾರ ಲೈಸೆನ್ಸ್ ಕಡ್ಡಾಯ. ಅದು ಸಿಗಬೇಕಾದರೆ ಕೃಷಿ ಅಥವಾ ರಸಾಯನಶಾಸ್ತ್ರ ಓದಿದ ಪದವೀಧರರಿರಬೇಕು, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಂಥ ಕಡೆ ಕನಿಷ್ಠ 15 ದಿನದ ತರಬೇತಿ ಆಗಿರಬೇಕು. ಮದ್ದಿನ ಹೆಸರು ಬಿಲ್ಲಿನಲ್ಲಿ ಬರೆಯಲು ಒಪ್ಪದವರನ್ನು ಗೇಟಿನಿಂದಲೇ ಕಳಿಸಿ.

ಎಲ್ಲದಕ್ಕೂ ಪೆಸ್ಟ್ ಕಂಟ್ರೋಲ್‌ನವರೇ ಬೇಕು ಅಂತ ನಾನು ಹೇಳುತ್ತಿಲ್ಲ. ಜಿರಳೆಗೆ ಅಂಗಡಿಯ ಜೆಲ್ ಚುಕ್ಕೆ ಇಟ್ಟು ಸಿಂಕ್ ಒಣಗಿಸಿಟ್ಟರೆ ಸಾಕು, ಇಲಿಗೆ ಬೋನು ಸಾಕು. ಮರದಿಂದ ಹಿಟ್ಟಿನಂಥ ಹುಡಿ ಉದುರುತ್ತಿದ್ದು ಮಣ್ಣೇ ಕಾಣದಿದ್ದರೆ ಅದು ಕುಟ್ಟೆಹುಳ ಇರಬಹುದು, ಒಂದೇ ಸ್ಟೂಲಿಗೆ ಹಿಡಿದಿದ್ದರೆ ಬಿಸಾಡಿ ಮುಗಿಸಬಹುದು. ಮಣ್ಣಿನ ಸುರಂಗ ಕಂಡರೆ ಮಾತ್ರ ನೀವೇ ಕೈ ಹಾಕಬೇಡಿ. ಡೈಕ್ಲೋರ್ವಾಸ್ ಅನ್ನುವ ಕೀಟನಾಶಕ ಇನ್ನೂ ಕೆಲವರ ಸ್ಟೋರಿನಲ್ಲಿ ಉಳಿದಿರಬಹುದು, ಅದು 2020ರ ಕೊನೆಗೇ ನಿಷೇಧವಾಗಿದೆ. ಕಾಳಿಗೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಇಲಿಗೋ ತಿಗಣೆಗೋ ಅಂತ ಮಲಗುವ ಮನೆಯೊಳಗೆ ತರಲೇಬೇಡಿ. ತೇವಕ್ಕೆ ಅದರಿಂದ ಏಳುವ ಗಾಳಿ ಮನೆಮಂದಿಯನ್ನೆಲ್ಲ ಕೊಲ್ಲುವಂಥದ್ದು, ನಮ್ಮ ಮಲೆನಾಡಲ್ಲಿ ತೇವ ಇಲ್ಲದ ಮೂಲೆ ಎಲ್ಲಿದೆ?

ಸೌದೆಯನ್ನು ಈಗ ಗೋಡೆಯಿಂದ ದೂರ, ಕಲ್ಲಿನ ಮೇಲೆ ಪೇರಿಸಿದ್ದೇವೆ. ಕ್ಯಾನು ತೋಟದ ಶೆಡ್ಡಿನಲ್ಲಿ ಬೀಗದೊಳಗಿದೆ. ನಾನು ಬಳಿದ ಜಂತೆಗಳನ್ನು ಬಿಚ್ಚಿಸಬೇಕು, ಮಳೆ ಹಿಂದೆ ಸರಿದ ಮೇಲೆ ಬರುತ್ತೇನೆ ಅಂತ ಆಚಾರಿ ಹೇಳಿದ್ದಾರೆ. ಅಲ್ಲಿಯವರೆಗೆ ಅಮ್ಮನ ಹಾಸಿಗೆ ಜಗಲಿಯ ಪಕ್ಕದ ಕೋಣೆಯಲ್ಲಿದೆ, ಆ ಕೋಣೆಯ ಕಿಟಕಿಗಳನ್ನು ಹಗಲಿಡೀ ತೆರೆದೇ ಇಟ್ಟಿದ್ದೇವೆ, ಎರಚಲು ಬಂದರೂ ಸರಿ ಅಂತ.