ಟ್ರ್ಯಾಕ್ಟರ್ ಚಿಪ್ಪರ್: ಡಿಸ್ಕ್, ರೋಲರ್ ಮತ್ತು ಡ್ರಮ್ ಯಂತ್ರಗಳನ್ನು ಬಳಸಿ ನೋಡಿದ ಹೋಲಿಕೆ

ಟ್ರ್ಯಾಕ್ಟರಿನ ಪಿಟಿಒಗೆ (ಎಂಜಿನ್ನಿನ ಬಲವನ್ನು ಬೇರೆ ಯಂತ್ರಕ್ಕೆ ಕೊಡಲು ತಿರುಗುವ ದಂಡಕ್ಕೆ) ಜೋಡಿಸಿ ನಡೆಸುವ, ಮರದ ಕೊಂಬೆಗಳನ್ನು ಚೂರು ಮಾಡುವ ಚಿಪ್ಪರ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ಅದು ಎಷ್ಟು ಇಂಚು ದಪ್ಪದ ಕೊಂಬೆಯನ್ನು ತೆಗೆದುಕೊಳ್ಳುತ್ತದೆ ಎಂದು. ಮೂರು ಬಗೆಯ ಚಿಪ್ಪರ್‌ಗಳನ್ನು ಒಂದೇ 45 ಎಚ್‌ಪಿ ಟ್ರ್ಯಾಕ್ಟರಿಗೆ ಕಟ್ಟಿ, ಮರ ಸವರಿದಾಗ ಉಳಿಯುವ ಒಂದೇ ತೆರನ ಕೊಂಬೆಗಳನ್ನು ಹಾಕಿ ದುಡಿಸಿ ನೋಡಿದ ಮೇಲೆ, ಕೊಂಬೆ ಬ್ಲೇಡಿನವರೆಗೆ ಹೇಗೆ ತಲುಪುತ್ತದೆ ಎಂಬ ಪ್ರಶ್ನೆಯೇ ಮೊದಲು ಬರಬೇಕೆಂದು ನನಗೆ ಮನವರಿಕೆಯಾಗಿದೆ. ದಿನದ ಕೆಲಸ ಎಷ್ಟು ಸಾಗಿತು, ಜೊತೆಗೆ ಎಷ್ಟು ಆಳು ಬೇಕಾಯಿತು, ಸಂಜೆ ಮೈಕೈ ಎಷ್ಟು ನೋಯಿತು ಎಂಬುದನ್ನೆಲ್ಲ ನಿರ್ಧರಿಸುವುದು ಆ ಒಂದು ಅಂಶವೇ.

ನಾನು ಹೋಲಿಸಿದ ಮೊದಲನೆಯದು, ಬ್ಲೇಡೇ ಕೊಂಬೆಯನ್ನು ಒಳಗೆಳೆದುಕೊಳ್ಳುವ ಸರಳ ಡಿಸ್ಕ್ ಚಿಪ್ಪರ್. ಎರಡನೆಯದು ಅದೇ ಬಗೆಯ ಡಿಸ್ಕಿನ ಮುಂದೆ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ತಿರುಗುವ, ರೋಲರ್ ಇರುವ ಯಂತ್ರ, ಮೂರನೆಯದು ರೋಲರ್ ಸಹಿತ ಡ್ರಮ್ ಚಿಪ್ಪರ್. ಮೂರೂ ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುವಾಗ ಕೆಲಸ ಮಾಡುವಂಥವು. ಸುತ್ತಿಗೆಯಂತೆ ಬಡಿದು ಪುಡಿ ಮಾಡುವ ಶ್ರೆಡರ್ ಅನ್ನು ಈ ಸಾಲಿಗೆ ಸೇರಿಸಿಲ್ಲ. ಎಲೆ, ತೊಗಟೆ, ಮಣ್ಣು ಮೆತ್ತಿದ ಕಸಕ್ಕೆ ಅದು ಒಗ್ಗುತ್ತದೆಯಾದರೂ ಗಟ್ಟಿ ಮರವನ್ನು ಕತ್ತರಿಸುವ ಬದಲು ಸೀಳಿ ನಾರು ಮಾಡುತ್ತದೆ.

ಸರಳ ಡಿಸ್ಕ್ ಚಿಪ್ಪರ್‌ನಲ್ಲಿ ಭಾರವಾದ ಉಕ್ಕಿನ ತಟ್ಟೆಯೊಂದು ತಿರುಗುತ್ತಿರುತ್ತದೆ. ಅದರ ಮುಖಕ್ಕೆ ಬಿಗಿದ ಬ್ಲೇಡುಗಳು ಚೌಕಟ್ಟಿಗೆ ಸ್ಥಿರವಾಗಿ ಕೂಡಿಸಿದ ಪಟ್ಟಿಯ ಅಂಚಿನ ಎದುರು ಕೊಂಬೆಯನ್ನು ಕತ್ತರಿಸುತ್ತವೆ. ಕೊಂಬೆ ಹಾಕುವ ಬಾಯಿಯಾದ ಹಾಪರ್ ಡಿಸ್ಕಿಗೆ ಓರೆಯಾಗಿರುವುದರಿಂದ ಪ್ರತಿ ಕಡಿತವೂ ಕೊಂಬೆಯನ್ನು ಇನ್ನಷ್ಟು ಒಳಗೆಳೆಯುತ್ತದೆ. ನೇರವಾದ, ಹಸಿಯಾದ, ಮುಂಗೈ ದಪ್ಪದೊಳಗಿನ ಕೊಂಬೆಗಳಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ ಎನ್ನುವಷ್ಟು ಚೆನ್ನಾಗಿ ಅದು ನಡೆಯುತ್ತದೆ. ಎಣ್ಣೆಯ ಪೈಪುಗಳಿಲ್ಲ, ಕೆಡುವ ಭಾಗಗಳು ಕಡಿಮೆ, ತೂಕವೂ ಹಗುರ. ತೊಡಕು ಆರಂಭವಾಗುವುದು ಕವಲೊಡೆದ ಕೊಂಬೆಗಳಲ್ಲಿ. ಕವಲು ಹಾಪರಿನ ಕೊರಳಿನಲ್ಲಿ ಅಡ್ಡ ನಿಂತರೆ ಬ್ಲೇಡಿಗೆ ಅದನ್ನು ಮಡಿಸಿ ಎಳೆದುಕೊಳ್ಳುವ ಶಕ್ತಿಯಿಲ್ಲದ ಕಾರಣ ಹೊರಗೆಳೆದು, ಮಚ್ಚಿನಿಂದ ಕವಲು ಸವರಿ, ಮತ್ತೆ ಹಾಕಬೇಕಾಗುತ್ತದೆ. ಹೀಗಾಗಿ ಹಾಪರಿನ ಬಳಿ ಒಬ್ಬರಿದ್ದರೆ ಸವರಿ ಕೊಡಲು ಇನ್ನೊಬ್ಬರು ಬೇಕು. ಒಣಗಿದ ಹಗುರ ಕಡ್ಡಿಗಳು ತಾವಾಗಿ ಒಳಗೆ ಹೋಗದೆ ಬ್ಲೇಡಿನ ಮುಂದೆ ಕುಣಿಯುತ್ತಿರುತ್ತವೆ, ಅವುಗಳನ್ನು ಹಿಂದಿನಿಂದ ಬರುವ ದಪ್ಪ ಕೊಂಬೆಯಿಂದಲೇ ತಳ್ಳಬೇಕು. ಇನ್ನು ದಪ್ಪ, ಗಟ್ಟಿ ಮರವನ್ನು ಹಾಕಿದಾಗ ಪ್ರತಿ ಕಡಿತದ ಪೆಟ್ಟೂ ಕೊಂಬೆಯ ಮೂಲಕ ಕೈಗೆ ಬರುತ್ತದೆ, ಕೊಂಬೆ ಒಮ್ಮೆಲೇ ಪಕ್ಕಕ್ಕೆ ಹೊಡೆಯುವುದೂ ಉಂಟು.

ಇಲ್ಲಿ ಡಿಸ್ಕಿನ ವೇಗದ ಬಗ್ಗೆ ಒಂದು ಮಾತು ಹೇಳಲೇಬೇಕು. ತಿರುಗುವ ಡಿಸ್ಕಿನಲ್ಲಿ ಕೂಡಿಟ್ಟ ಶಕ್ತಿ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ಆದ್ದರಿಂದ ವೇಗ ಶೇ 20ರಷ್ಟು ಇಳಿದರೆ ಶಕ್ತಿ ಶೇ 36ರಷ್ಟು ಇಳಿಯುತ್ತದೆ. ಎಂಜಿನ್ನಿನ ಸದ್ದು ಸ್ವಲ್ಪ ತಗ್ಗಿತಷ್ಟೇ ಎಂದು ನಮಗೆ ತೋರುವ ಹೊತ್ತಿಗೆ ಡಿಸ್ಕು ತನ್ನ ಬಲದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತದೆ. ಸರಳ ಚಿಪ್ಪರ್‌ನಲ್ಲಿ ಕೊಂಬೆ ಒಳಗೆ ಹೋಗುವ ವೇಗವನ್ನು ತಡೆಯುವ ಸಾಧನವಿಲ್ಲ, ಆದ್ದರಿಂದ ಕಿವಿಗೊಟ್ಟು ಕೇಳುತ್ತ, ಒಂದು ದಪ್ಪ ಕೊಂಬೆ ಹೋದ ಮೇಲೆ ಡಿಸ್ಕು ಪೂರ್ಣ ವೇಗಕ್ಕೆ ಮರಳುವವರೆಗೆ ಕಾದು ಮುಂದಿನದನ್ನು ಹಾಕುವ ತಾಳ್ಮೆ ಬೇಕು.

ಹೈಡ್ರಾಲಿಕ್ ರೋಲರ್ ಇರುವ ಯಂತ್ರಕ್ಕೆ ಬಂದಾಗ ನನಗೆ ಎದ್ದು ಕಂಡ ವ್ಯತ್ಯಾಸ ಇದೇ. ಹಲ್ಲುಗಳುಳ್ಳ ರೋಲರ್ ಕೊಂಬೆಯನ್ನು ಒತ್ತಿ ಹಿಡಿದು, ಕವಲುಗಳನ್ನು ಅದುಮಿ ಮಡಿಸಿ, ಒಂದೇ ಹದದಲ್ಲಿ ಒಳಗೆ ಕಳುಹಿಸುತ್ತದೆ. ವೇಗವನ್ನು ಒಂದು ಗುಂಡಿ ತಿರುಗಿಸಿ ಏರಿಸಬಹುದು, ಇಳಿಸಬಹುದು. ಸಿಕ್ಕಿಕೊಂಡರೆ ಹಿಂದಕ್ಕೆ ತಿರುಗಿಸಬಹುದು. ಡಿಸ್ಕಿನ ವೇಗ ನಿಗದಿತ ಮಟ್ಟಕ್ಕಿಂತ ಇಳಿದ ಕೂಡಲೇ ರೋಲರನ್ನು ತಾನಾಗಿ ನಿಲ್ಲಿಸಿ, ವೇಗ ಮರಳಿದ ಮೇಲೆ ಮುಂದುವರಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆಯೂ ನಾನು ಬಳಸಿದ ಯಂತ್ರದಲ್ಲಿತ್ತು, ಅದು ಇಲ್ಲದ ರೋಲರ್ ಚಿಪ್ಪರನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಅದೇ ಟ್ರ್ಯಾಕ್ಟರಿನಲ್ಲಿ, ಸರಳ ಚಿಪ್ಪರ್ ಏದುಸಿರು ಬಿಡುತ್ತಿದ್ದ ದಪ್ಪದ ಮರವನ್ನು ಇದು ನಿಧಾನವಾಗಿ, ಆದರೆ ಎಂಜಿನ್ ತಗ್ಗದಂತೆ ಮುಗಿಸಿತು. ಕವಲು ಸವರುವ ಕೆಲಸ ಬಹುಪಾಲು ಇಲ್ಲವಾಯಿತು, ಕೊಂಬೆಯ ಬುಡವನ್ನು ರೋಲರಿಗೆ ಕೊಟ್ಟು ಬದಿಗೆ ಸರಿದರೆ ಸಾಕಾಯಿತು.

ಇದಕ್ಕೆ ತೆರಬೇಕಾದದ್ದೂ ಇದೆ. ಯಂತ್ರ ಭಾರವಾಗುವುದರಿಂದ ಟ್ರ್ಯಾಕ್ಟರಿನ ಹಿಂದಿನ ಲಿಫ್ಟಿಗೆ ಅದನ್ನು ಎತ್ತುವ ಸಾಮರ್ಥ್ಯವಿರಬೇಕು ಮತ್ತು ಮುಂದಿನ ಚಕ್ರಗಳು ಹಗುರವಾಗದಂತೆ ಮುಂಭಾಗಕ್ಕೆ ತೂಕ ಸೇರಿಸಬೇಕಾಗಬಹುದು. ರೋಲರಿನ ಎಣ್ಣೆ ಎಲ್ಲಿಂದ ಬರುತ್ತದೆ ಎಂಬುದನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು: ಕೆಲವು ಯಂತ್ರಗಳಿಗೆ ತಮ್ಮದೇ ಪಂಪು ಮತ್ತು ಟ್ಯಾಂಕ್ ಇರುತ್ತವೆ, ಕೆಲವು ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯನ್ನೇ ನಿರಂತರವಾಗಿ ಬೇಡುತ್ತವೆ. ಹಳೆಯ ಟ್ರ್ಯಾಕ್ಟರಿನವರಿಗೆ ಸ್ವಂತ ಪಂಪಿನದೇ ಲೇಸು, ಏಕೆಂದರೆ ಗಂಟೆಗಟ್ಟಲೆ ಹರಿಯುವ ಎಣ್ಣೆ ಬಿಸಿಯಾಗುವುದನ್ನು ತಡೆದುಕೊಳ್ಳುವಂತೆ ಆ ಟ್ರ್ಯಾಕ್ಟರುಗಳ ಹೈಡ್ರಾಲಿಕ್ಸ್ ರೂಪಿಸಿರುವುದು ಅಪರೂಪ.

ಡ್ರಮ್ ಚಿಪ್ಪರ್ ನನ್ನಲ್ಲಿ ಮಿಶ್ರ ಅಭಿಪ್ರಾಯ ಉಳಿಸಿದೆ. ಸಿಲಿಂಡರಿನ ಉದ್ದಕ್ಕೂ ಬ್ಲೇಡುಗಳಿರುವುದರಿಂದ ಅದರ ಬಾಯಿ ಅಗಲ. ಎಲೆ ತುಂಬಿದ ಪೊದೆಯಂಥ ಟೊಂಗೆಗಳನ್ನು ಕಟ್ಟುಕಟ್ಟಾಗಿ ಕೊಟ್ಟರೂ ಅದು ತೆಗೆದುಕೊಳ್ಳುವ ಪರಿ ಡಿಸ್ಕಿಗೆ ಇಲ್ಲ. ಆದರೆ ಡ್ರಮ್ಮು ದುಂಡಗಿರುವ ಕಾರಣ ಬ್ಲೇಡು ಕೊಂಬೆಯನ್ನು ಮುಟ್ಟುವ ಕೋನ ಕೊಂಬೆಯ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆ, ಹಾಗಾಗಿ ಚೂರುಗಳ ಗಾತ್ರ ಒಂದೇ ಸಮ ಇರುವುದಿಲ್ಲ, ನಡುವೆ ಉದ್ದನೆಯ ಸಿಬಿರುಗಳೂ ಬರುತ್ತವೆ. 45 ಎಚ್‌ಪಿ ಅದಕ್ಕೆ ಸಾಲದು ಎಂಬುದೂ ಬೇಗನೆ ತಿಳಿಯಿತು. ಎಂಜಿನ್ನಿನ ಎಚ್‌ಪಿ ಪೂರ್ತಿಯಾಗಿ ಪಿಟಿಒಗೆ ಬರುವುದಿಲ್ಲ, ಸಾಮಾನ್ಯವಾಗಿ ಶೇ 10ರಿಂದ 15ರಷ್ಟು ನಡುವೆಯೇ ಸೋರುತ್ತದೆ. ಯಂತ್ರದ ಪುಸ್ತಿಕೆಯಲ್ಲಿ ಬರೆದಿರುವ ಸಂಖ್ಯೆ ಎಂಜಿನ್ನಿನದೋ ಪಿಟಿಒದೋ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು ಇದಕ್ಕಾಗಿಯೇ. ದೊಡ್ಡ ಟ್ರ್ಯಾಕ್ಟರ್ ಇದ್ದು, ಪೊದೆ ಮತ್ತು ರೆಂಬೆಗಳೇ ಹೆಚ್ಚಾಗಿರುವವರಿಗೆ ಡ್ರಮ್ ಸರಿಯಾದ ಆಯ್ಕೆ.

ಬಿದಿರು ಮತ್ತು ತಾಳೆ ಜಾತಿಯ ಗರಿಗಳು ಮೂರಕ್ಕೂ ಸವಾಲೇ. ಬಿದಿರು ಸೀಳಿ ಚೂಪಾದ ಸಿಬಿರಾಗುತ್ತದೆ. ಗರಿಯ ನಾರು ಉದ್ದುದ್ದವಾಗಿ ಬಂದು ತಿರುಗುವ ಭಾಗಗಳಿಗೆ ಸುತ್ತಿಕೊಳ್ಳುತ್ತದೆ. ಬ್ಲೇಡು ಹರಿತವಾಗಿರುವಾಗ, ದಪ್ಪ ತುದಿ ಮೊದಲು ಕೊಟ್ಟು, ಹಿಂದೆಯೇ ಒಂದು ಗಟ್ಟಿ ಕೊಂಬೆ ಹಾಕಿದರೆ ರೋಲರ್ ಡಿಸ್ಕ್ ಅದನ್ನು ಸಮಾಧಾನಕರವಾಗಿ ನಿಭಾಯಿಸುತ್ತದೆ.

ಬ್ಲೇಡಿನ ಹರಿತ ಎಂಬ ವಿಷಯದಲ್ಲಂತೂ ಯಂತ್ರಗಳ ನಡುವಿನ ಅಂತರವೇ ಅಳಿಸಿಹೋಗುತ್ತದೆ. ಮೊಂಡಾದ ಬ್ಲೇಡಿನ ದೊಡ್ಡ ಯಂತ್ರಕ್ಕಿಂತ ಹರಿತವಾದ ಬ್ಲೇಡಿನ ಸಣ್ಣ ಯಂತ್ರ ಹೆಚ್ಚು ಕೆಲಸ ಮಾಡಿದ್ದನ್ನು ನಾನು ಕಂಡಿದ್ದೇನೆ. ಚೂರುಗಳ ಬದಲು ಪುಡಿ ಮತ್ತು ನಾರು ಬರತೊಡಗಿದರೆ, ಸರಳ ಚಿಪ್ಪರ್‌ನಲ್ಲಿ ಕೊಂಬೆಯನ್ನು ಕೈಯಿಂದ ತಳ್ಳಬೇಕಾಗಿ ಬಂದರೆ, ಬ್ಲೇಡು ತೆಗೆಯುವ ಸಮಯ ಬಂತೆಂದು ತಿಳಿಯಬೇಕು. ನೆಲದಲ್ಲಿ ಎಳೆದು ತಂದ ಕೊಂಬೆಗೆ ಮೆತ್ತಿದ ಮರಳು ಬ್ಲೇಡನ್ನು ಕೆಡಿಸುವಷ್ಟು ಬೇಗ ಯಾವ ಗಟ್ಟಿ ಮರವೂ ಕೆಡಿಸದು. ಬೇರಿನ ಬುಡಗಳನ್ನು ಚಿಪ್ಪರಿಗೆ ಹಾಕಲೇಬಾರದು. ಎಲ್ಲ ಬ್ಲೇಡುಗಳನ್ನೂ ಒಟ್ಟಿಗೆ, ತೂಕ ಸಮನಾಗಿ ಉಳಿಯುವಂತೆ ಸಾಣೆ ಹಿಡಿಸಬೇಕು, ಇಲ್ಲವಾದರೆ ಡಿಸ್ಕಿನ ಸಮತೋಲ ತಪ್ಪಿ ಬೇರಿಂಗುಗಳು ಸವೆಯುತ್ತವೆ. ಮರಳಿ ಜೋಡಿಸುವಾಗ ಬ್ಲೇಡಿಗೂ ಸ್ಥಿರ ಪಟ್ಟಿಗೂ ನಡುವಿನ ಸಂದನ್ನು ತಯಾರಕರು ಹೇಳಿದ ಅಳತೆಗೆ ತರಬೇಕು. ಅನೇಕ ಯಂತ್ರಗಳಲ್ಲಿ ಇದು ಸುಮಾರು 1 ಮಿ.ಮೀ. ಆಸುಪಾಸಿನಲ್ಲಿರುತ್ತದೆ. ಬ್ಲೇಡು ಬಿಚ್ಚಲು ಮುಚ್ಚಳ ಸಲೀಸಾಗಿ ತೆರೆದುಕೊಳ್ಳುವ ಯಂತ್ರವನ್ನೇ ಆರಿಸಿಕೊಳ್ಳಿ, ಕಷ್ಟವಾದರೆ ಆ ಕೆಲಸವನ್ನು ನಾಳೆಗೆ ಮುಂದೂಡುವುದು ಮನುಷ್ಯ ಸಹಜ.

ಪಿಟಿಒ ಶಾಫ್ಟಿನ ಉದ್ದವನ್ನು ನಿಮ್ಮ ಟ್ರ್ಯಾಕ್ಟರಿಗೆ ಹೊಂದಿಸಿಕೊಳ್ಳದೆ ಯಾವ ಚಿಪ್ಪರನ್ನೂ ಚಾಲೂ ಮಾಡಬಾರದು. ಶಾಫ್ಟ್ ಉದ್ದವಾದರೆ ಲಿಫ್ಟ್ ಎತ್ತುವಾಗ ತಳಕ್ಕೆ ಒತ್ತಿ ಗಿಯರ್ ಬಾಕ್ಸಿನ ಬೇರಿಂಗ್ ಒಡೆಯುತ್ತದೆ, ಗಿಡ್ಡವಾದರೆ ಒಂದರೊಳಗೊಂದು ಜಾರುವ ಅದರ ಎರಡು ಕೊಳವೆಗಳ ಹಿಡಿತ ಸಾಲದೆ ಕಳಚಿಕೊಳ್ಳುತ್ತದೆ. ಪಿಟಿಒ ಬಿಡಿಸಿದ ಮೇಲೂ ಭಾರವಾದ ಡಿಸ್ಕು ತಿರುಗುತ್ತಲೇ ಇರುವುದರಿಂದ, ಆ ಬಲ ಟ್ರ್ಯಾಕ್ಟರಿನ ಕಡೆಗೆ ಹಿಂದಿರುಗದಂತೆ ಒಂದೇ ದಿಕ್ಕಿನಲ್ಲಿ ಹಿಡಿಯುವ ಕ್ಲಚ್ ಶಾಫ್ಟಿನಲ್ಲಿರಬೇಕು. ಹೊರೆ ಮಿತಿಮೀರಿದಾಗ ತಾನು ಮುರಿದು ಯಂತ್ರವನ್ನು ಉಳಿಸುವ ಶಿಯರ್ ಬೋಲ್ಟ್ ಮುರಿದಾಗ ಅದೇ ದರ್ಜೆಯದನ್ನೇ ಹಾಕಬೇಕು. ಇನ್ನೂ ಗಟ್ಟಿಯಾದದ್ದನ್ನು ಹಾಕಿದರೆ ಮುಂದಿನ ಸಲ ಮುರಿಯುವುದು ಗಿಯರ್. 540ರ ಯಂತ್ರವನ್ನು 1000 ಸುತ್ತಿನ ಪಿಟಿಒಗೆ ಎಂದಿಗೂ ಜೋಡಿಸಬೇಡಿ.

ಸುರಕ್ಷತೆಯ ವಿಷಯದಲ್ಲಿ ರೋಲರ್ ಯಂತ್ರ ಮೇಲು ಎಂದು ಸುಲಭವಾಗಿ ಹೇಳಲಾಗದು. ಅದು ನಮ್ಮ ಕೈಯನ್ನು ಬ್ಲೇಡಿನಿಂದ ದೂರವಿಡುತ್ತದೆ, ಆದರೆ ಬಟ್ಟೆಯನ್ನೋ ಹಗ್ಗವನ್ನೋ ಹಿಡಿದರೆ ತಾನಾಗಿ ಬಿಡುವುದಿಲ್ಲ. ಆದ್ದರಿಂದ ಹಾಪರಿನ ಅಂಚಿನಲ್ಲಿರುವ, ಒತ್ತಿದರೆ ರೋಲರನ್ನು ನಿಲ್ಲಿಸುವ ಪಟ್ಟಿ ಕೆಲಸ ಮಾಡುತ್ತಿದೆಯೇ ಎಂದು ಪ್ರತಿ ಬೆಳಗ್ಗೆ ಒತ್ತಿ ನೋಡಬೇಕು. ಅಗಲ ಕೈಪಟ್ಟಿಯ ಗ್ಲೌಸು, ಸಡಿಲ ತೋಳು ಬೇಡ. ಕಣ್ಣು ಮತ್ತು ಕಿವಿಗೆ ರಕ್ಷಣೆ ಬೇಕು. ಹಾಪರಿನ ನೇರಕ್ಕೆ ನಿಲ್ಲದೆ ಬದಿಗೆ ನಿಂತು, ಗಿಡ್ಡ ತುಂಡುಗಳನ್ನು ಉದ್ದನೆಯ ಕೋಲಿನಿಂದಲೇ ತಳ್ಳಬೇಕು. ಎಂಜಿನ್ ಆರಿಸಿ, ಡಿಸ್ಕು ಪೂರ್ತಿಯಾಗಿ ನಿಂತದ್ದನ್ನು ಕಣ್ಣಾರೆ ಕಂಡ ನಂತರವೇ ಮುಚ್ಚಳ ತೆರೆಯಬೇಕು.

ಚೂರಿನ ಉಪಯೋಗವೂ ಆಯ್ಕೆಯನ್ನು ತಿದ್ದುತ್ತದೆ. ಒಲೆ ಅಥವಾ ಬಾಯ್ಲರಿಗೆ ಒಂದೇ ಗಾತ್ರದ ಚೂರು ಬೇಕಾದವರು ಡಿಸ್ಕನ್ನೇ ನೆಚ್ಚಬೇಕು. ಗಿಡಗಳ ಬುಡಕ್ಕೆ ಹೊದಿಕೆ ಹಾಕುವವರಿಗೆ ಡ್ರಮ್ಮಿನ ಮಿಶ್ರ ಚೂರು ಏನೂ ತೊಂದರೆ ಮಾಡದು. 5ರಿಂದ 10 ಸೆಂ.ಮೀ. ದಪ್ಪಕ್ಕೆ ಹರಡಿ, ಕಾಂಡಕ್ಕೆ ತಾಗದಂತೆ ಬಿಟ್ಟರೆ ಸಾಕು. ಹಸಿ ಚೂರನ್ನು ಮಣ್ಣಿನೊಳಗೆ ಬೆರೆಸಿದರೆ ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಹಿಡಿದಿಡುತ್ತದೆ, ಮೇಲೆ ಹರಡಿದಾಗ ಆ ತೊಂದರೆ ಬಹಳ ಕಡಿಮೆ.

ತೋಟದಲ್ಲಿ ಕವಲು ಕೊಂಬೆ, ನೇರ ಕೊಂಬೆ ಎರಡೂ ಬೆರೆತು ಬರುವವರಿಗೆ, 35ರಿಂದ 50 ಎಚ್‌ಪಿ ಟ್ರ್ಯಾಕ್ಟರ್ ಇದ್ದಲ್ಲಿ, ರೋಲರ್ ಸಹಿತ ಡಿಸ್ಕ್ ಚಿಪ್ಪರನ್ನೇ ನಾನು ಹೇಳುತ್ತೇನೆ. ಟ್ರ್ಯಾಕ್ಟರ್ ಅದಕ್ಕಿಂತ ಚಿಕ್ಕದಾಗಿದ್ದು, ಕೊಂಬೆಗಳು ತೆಳ್ಳಗೆ ನೇರವಾಗಿದ್ದರೆ ಸರಳ ಡಿಸ್ಕಿಗೆ ಮನಸ್ಸು ಮಾಡಬಹುದು. ಯಾವುದನ್ನು ಕೊಂಡರೂ ಮಾರುವವರು ತೋರಿಸುವ ನೇರ ಗಳುಗಳಿಂದ ತೀರ್ಮಾನಕ್ಕೆ ಬಾರದೆ, ನಿಮ್ಮ ರಾಶಿಯಲ್ಲಿನ ಅತ್ಯಂತ ಸೊಟ್ಟಗಿನ, ಕವಲು ತುಂಬಿದ ಒಣ ಕೊಂಬೆಗಳನ್ನು ಒಯ್ದು, ನಿಮ್ಮದೇ ಟ್ರ್ಯಾಕ್ಟರಿಗೆ ಕಟ್ಟಿಸಿ ಹಾಕಿ ನೋಡಿ.