ಕೊಂಡದ್ದು ನಾನು, ಬೀಗದ ಕೈ ಅವರದು: ಒಂದು ಪುಟವಿನ್ಯಾಸ ತಂತ್ರಾಂಶದ ವಿಮರ್ಶೆ

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಓಣಿಯೊಂದರಲ್ಲಿರುವ ನನ್ನ ಡಿಟಿಪಿ ಅಂಗಡಿಗೆ ಎರಡು ವರ್ಷಗಳ ಹಿಂದೆ 14,000 ರೂಪಾಯಿ ಕೊಟ್ಟು ಕನ್ನಡ ಪುಟವಿನ್ಯಾಸದ ತಂತ್ರಾಂಶವೊಂದನ್ನು ಕೊಂಡೆ. ಕಂಪನಿಯ ಸರ್ವರ್ ಒಪ್ಪಿದರೆ ಮಾತ್ರ ತಂತ್ರಾಂಶ ತೆರೆದುಕೊಳ್ಳುವ ‘ಆಕ್ಟಿವೇಷನ್’ ಷರತ್ತು ಇದಕ್ಕಿದೆ; ಇಂಥದೇ ಷರತ್ತು ಬೇರೆ ತಂತ್ರಾಂಶಗಳಲ್ಲಿಯೂ ಇರುವುದರಿಂದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ.

ಅಕ್ಷರಜೋಡಣೆಯ ಮಟ್ಟಿಗೆ ದೂರಲು ಏನೂ ಇಲ್ಲ. ಲಗ್ನಪತ್ರಿಕೆಯಲ್ಲಿ ‘ಆಶೀರ್ವದಿಸಿ’ ಎಂದು ಹೊಡೆದರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ತಾಗದೆ ತನ್ನ ಜಾಗದಲ್ಲಿ ಕೂರುತ್ತದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ಬಡಿಯುವುದಿಲ್ಲ.

ತೊಂದರೆಯೆಲ್ಲ ಕಡ್ಡಾಯ ಆಕ್ಟಿವೇಷನ್ನಿನದು. ಕಳೆದ ವೈಶಾಖದ ಒಂದು ಶುಕ್ರವಾರ ಸಂಜೆ ಕರೆಂಟು ಹೋಗಿ ಬಂದಾಗ ಮದರ್‌ಬೋರ್ಡ್ ಸುಟ್ಟುಹೋಯಿತು. ಹೊಸದನ್ನು ಹಾಕಿಸಿ, ಅದೇ ಹಾರ್ಡ್‌ಡಿಸ್ಕ್ ಜೋಡಿಸಿ ತೆರೆದರೆ, ‘ಈ ಕೀ ಬೇರೊಂದು ಕಂಪ್ಯೂಟರಿನಲ್ಲಿ ಬಳಕೆಯಲ್ಲಿದೆ’ ಎಂಬ ಸಂದೇಶ; ಕೀ ಎಂದರೆ ಕೊಂಡಾಗ ಕೊಡುವ ಲೈಸೆನ್ಸ್ ಸಂಖ್ಯೆ. ಯಂತ್ರದ ಬಿಡಿಭಾಗಗಳ ಗುರುತನ್ನು ಕಂಪನಿಯ ಸರ್ವರ್ ಬರೆದಿಟ್ಟುಕೊಂಡಿರುವುದರಿಂದ, ಬೋರ್ಡ್ ಬದಲಾದೊಡನೆ ನನ್ನ ಕಂಪ್ಯೂಟರ್ ಅದಕ್ಕೆ ಅಪರಿಚಿತವಾಯಿತು. ಎದುರಿಗೆ ನಿಂತಿದ್ದ ಗಿರಾಕಿಯ ಕೈಯಲ್ಲಿ ಪ್ರೂಫ್ ಇತ್ತು. ಅಜ್ಜನ ಹೆಸರಿನಲ್ಲಿ ‘ಲ’ ಬಿದ್ದಿದ್ದ ಕಡೆ ಕೆಂಪು ಶಾಯಿಯಲ್ಲಿ ‘ಳ’ ಎಂದು ತಿದ್ದಿದ್ದರು. ಆ ಒಂದು ಅಕ್ಷರಕ್ಕಾಗಿ ಗೆಳೆಯರ ಅಂಗಡಿಯಲ್ಲಿ ಕುಳಿತು ಇಡೀ ಮ್ಯಾಟರನ್ನು ಮತ್ತೆ ಟೈಪು ಮಾಡಬೇಕಾಯಿತು, ಏಕೆಂದರೆ ಕಂಪನಿಯ ಸಹಾಯವಾಣಿಗೆ ಶನಿವಾರ, ಭಾನುವಾರ ರಜೆ. ಸೋಮವಾರ ಬಿಲ್ಲನ್ನೂ ಸುಟ್ಟ ಬೋರ್ಡಿನ ಫೋಟೋವನ್ನೂ ಕೇಳಿದರು. ಜೊತೆಗೆ 1,800 ರೂಪಾಯಿ ಶುಲ್ಕ.

ಕಳ್ಳ ನಕಲನ್ನು ತಡೆಯುವುದು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಕೀಲಿಮುರಿದ ಪ್ರತಿಯನ್ನು ಬಳಸುವವನಿಗೆ ಈ ತಪಾಸಣೆಯೇ ಇಲ್ಲ, ರಸೀದಿ ಇಟ್ಟುಕೊಂಡವನಿಗೆ ಮಾತ್ರ ಇದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿಯೂ ಆಕ್ಟಿವೇಷನ್ ಕಡ್ಡಾಯವಾಗಿತ್ತು, ಆದರೆ ಅದಕ್ಕೆ 30 ದಿನಗಳ ಗಡುವಿತ್ತು, ಫೋನಿನಲ್ಲಿಯೂ ಮುಗಿಸಬಹುದಿತ್ತು. ಅಡೋಬಿ ತನ್ನ ಸಿಎಸ್2 ತಂತ್ರಾಂಶದ ಆಕ್ಟಿವೇಷನ್ ಸರ್ವರನ್ನು ನಿಲ್ಲಿಸಿದಾಗ, ಹಿಂದೆ ಕೊಂಡಿದ್ದವರಿಗಾಗಿ ಆಕ್ಟಿವೇಷನ್ ಬೇಡದ ಪ್ರತಿಯನ್ನು ಕೊಟ್ಟಿತು. ನಾನು ಕೊಂಡ ತಂತ್ರಾಂಶದ ಕರಾರಿನಲ್ಲಿ ಅಂಥ ಭರವಸೆಯ ಒಂದು ಸಾಲೂ ಇಲ್ಲ. ಕಂಪನಿ ಬಾಗಿಲು ಹಾಕಿದರೆ, ‘ಆಜೀವ ಲೈಸೆನ್ಸ್’ ಎಂಬ ಮಾತಿನಲ್ಲಿ ಯಾರ ಆಯುಷ್ಯವನ್ನು ಲೆಕ್ಕ ಹಾಕಿದ್ದರೋ ಆಗ ತಿಳಿಯುತ್ತದೆ.

ಕಾನೂನುಬದ್ಧವಾಗಿ ತಂತ್ರಾಂಶವನ್ನು ಪಡೆದವರು, ಹಾನಿಯಿಂದ ರಕ್ಷಣೆಗಾಗಿ ಬ್ಯಾಕಪ್ ಪ್ರತಿ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಸರ್ವರಿನ ಒಪ್ಪಿಗೆಯಿಲ್ಲದೆ ತೆರೆಯದ ಬ್ಯಾಕಪ್ಪಿನಿಂದ ನನಗೇನು ಪ್ರಯೋಜನ? ‘ವ್ಯಾಪಾರಕ್ಕೆ ಕೊಂಡಿದ್ದೀರಿ, ನೀವು ಗ್ರಾಹಕರಲ್ಲ’ ಎಂದು ಕಂಪನಿಯವರು ಫೋನಿನಲ್ಲಿ ಹೇಳಿದ ಮಾತೂ ಸರಿಯಲ್ಲ; ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲೆಂದೇ ಕೊಂಡು ತಾನೇ ಬಳಸುವವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನೆಂದೇ ಪರಿಗಣಿಸುತ್ತದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ನಾನು ಸದ್ಯಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ (ಫೋನ್ 1915) ದೂರು ದಾಖಲಿಸಿದ್ದೇನೆ.

ಅಕ್ಷರಜೋಡಣೆಗೆ ಐದರಲ್ಲಿ ನಾಲ್ಕು ಅಂಕ, ಲೈಸೆನ್ಸಿಗೆ ಒಂದು. ಕೇಳಿದ ಶುಲ್ಕ ಕಟ್ಟಿದ ಮೇಲೆ ತಂತ್ರಾಂಶ ತೆರೆದುಕೊಂಡಿತು. ಮೂಲೆಯಲ್ಲಿ ಈಗ ‘ಉಳಿದಿರುವ ಆಕ್ಟಿವೇಷನ್: 1’ ಎಂದು ತೋರಿಸುತ್ತಿದೆ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ.